ಎಂಟು ಎಪಿಸೋಡ್ ದುಃಖ, ಒಂಬತ್ತನೆಯದು ಹೊಡೆದಾಟ

ಮಾರ್ವೆಲ್‌ನ ಸೂಪರ್‌ಹೀರೋ ಸೀರೀಸ್‌ಗಳ ಕೊನೇ ಎಪಿಸೋಡ್ ಅಂದರೆ ಈಗ ನನಗೆ ಖುಷಿಗಿಂತ ಬೇಜಾರೇ ಜಾಸ್ತಿ. ಏನಾಗುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಇಬ್ಬರು ಹಾರಾಡುತ್ತಾ ಕೈಯಿಂದ ಬೆಳಕು ಎಸೆಯುತ್ತಾರೆ. ಅದು ಮುಗಿದ ಮೇಲೆ ಮುಂದಿನ ಸಿನಿಮಾಕ್ಕೆ ಒಂದು ಕೊಂಡಿ.

ಜಾಸ್ತಿ ಹೊಟ್ಟೆ ಉರಿದದ್ದು 'ವಾಂಡಾವಿಷನ್' ನೋಡಿ. 2021ರಲ್ಲಿ ಪ್ರತಿ ಶುಕ್ರವಾರ ನಾನೂ ತಂಗಿಯೂ ಅದಕ್ಕಾಗಿ ಕಾಯುತ್ತಿದ್ದೆವು. ಪ್ರೀತಿಸಿದ ವಿಷನ್ ಅನ್ನುವ ಯಂತ್ರಮಾನವನನ್ನು ಕಳೆದುಕೊಂಡ ವಾಂಡಾ ತನ್ನ ಮಂತ್ರಶಕ್ತಿಯಿಂದ ಒಂದಿಡೀ ಊರನ್ನೇ ಹಳೇ ಅಮೆರಿಕನ್ ಕಾಮಿಡಿ ಸೀರಿಯಲ್ ಮಾಡಿಕೊಂಡು ಅದರೊಳಗೆ ಸಂಸಾರ ಹೂಡುತ್ತಾಳೆ. ಎಂಟನೇ ಎಪಿಸೋಡಿನಲ್ಲಿ ಅವಳು ಒಂದು ಖಾಲಿ ಸೈಟಿಗೆ ಬರುತ್ತಾಳೆ. ವಿಷನ್ ತಮ್ಮಿಬ್ಬರಿಗಾಗಿ ತೆಗೆದುಕೊಂಡಿದ್ದ ಜಾಗ. ಅದರ ಕಾಗದದ ಮೇಲೆ ಅವನು ಕೆಂಪು ಹೃದಯ ಬರೆದಿಟ್ಟಿದ್ದಾನೆ, ಇಲ್ಲೇ ಮುದುಕರಾಗೋಣ ಅಂತ. ಅರ್ಧಕ್ಕೆ ನಿಂತ ಪಾಯದ ನಡುವೆ ಅವಳು ಕುಸಿದು ಅಳುತ್ತಾಳೆ. ಆ ಅಳುವಿನಿಂದಲೇ ಮನೆ ಏಳುತ್ತದೆ, ಊರು ಬದಲಾಗುತ್ತದೆ.

ಇಷ್ಟಾದ ಮೇಲೆ ಒಂಬತ್ತನೆಯದರಲ್ಲಿ ಏನು? ವಾಂಡಾ, ಮಾಟಗಾತಿ ಅಗಾಥಾ ಇಬ್ಬರೂ ಆಕಾಶದಲ್ಲಿ ಕೆಂಪು, ನೇರಳೆ ಬೆಳಕು ತೂರಾಡುತ್ತಾರೆ. ದುಃಖವನ್ನು ಗುದ್ದಿ ಗೆಲ್ಲೋಕಾಗುತ್ತಾ? ಅದೇ ಎಪಿಸೋಡಿನಲ್ಲಿ ಇಬ್ಬರು ವಿಷನ್‌ಗಳು (ವಾಂಡಾ ಸೃಷ್ಟಿಸಿದವನು, ಹಳೇ ದೇಹದಿಂದ ಮತ್ತೆ ಕಟ್ಟಿದವನು) ಹೊಡೆದಾಟ ನಿಲ್ಲಿಸಿ, ಹಲಗೆಗಳನ್ನೆಲ್ಲ ಬದಲಿಸಿದ ಹಡಗು ಅದೇ ಹಡಗಾ ಅಂತ ಲೈಬ್ರರಿಯಲ್ಲಿ ಮಾತಾಡುತ್ತಾರೆ. ವಾಂಡಾ ಮಂತ್ರದಿಂದ ಹುಟ್ಟಿದ ತನ್ನ ಮಕ್ಕಳನ್ನು ಕೊನೇ ಸಲ ಮಲಗಿಸಿ, ನನ್ನನ್ನು ಅಮ್ಮನಾಗಿ ಆರಿಸಿಕೊಂಡಿದ್ದಕ್ಕೆ ಥ್ಯಾಂಕ್ಸ್ ಅನ್ನುತ್ತಾಳೆ. ನನಗೆ ಅಷ್ಟೇ ಸಾಕಿತ್ತು.

ಮಾಡುವವರಿಗೆ ಇದು ಗೊತ್ತಿಲ್ಲ ಅಂತಲ್ಲ. 2022ರ 'ಶೀ-ಹಲ್ಕ್' ಕೊನೆಯಲ್ಲಿ ಎಲ್ಲರೂ ಒಂದೇ ಕಡೆ ಬಂದು ಹೊಡೆದಾಟ ಶುರುವಾಗುತ್ತಿದ್ದ ಹಾಗೆ, ಲಾಯರ್ ಜೆನ್ನಿಫರ್ ತನ್ನ ಶೋ ಬಿಟ್ಟು ಹೊರಗೆ ಬರುತ್ತಾಳೆ. ಕಥೆ ಹೊಸೆಯುವ 'ಕೆವಿನ್' ಅನ್ನುವ ಯಂತ್ರದ ಮುಂದೆ ವಾದ ಮಾಡಿ, ಇದು ಬೇಡ ಅಂತ ಬದಲಾಯಿಸುತ್ತಾಳೆ. ಆದರೆ ಮರುವರ್ಷವೇ ಬಂದ 'ಸೀಕ್ರೆಟ್ ಇನ್ವೇಷನ್' ನೋಡಿ. ಯಾರು ಮನುಷ್ಯ, ಯಾರು ವೇಷ ಬದಲಿಸುವ ಅನ್ಯಗ್ರಹದ ಸ್ಕ್ರಲ್ ಅನ್ನುವ ಅನುಮಾನದ ಕಥೆ, ಮುಗಿದದ್ದು ಅವೆಂಜರ್ಸ್ ಶಕ್ತಿ ತುಂಬಿಕೊಂಡ ಇಬ್ಬರ ಗುದ್ದಾಟದಲ್ಲಿ.

ದೊಡ್ಡ ಫ್ರಾಂಚೈಸ್ ಅಂದಮೇಲೆ ಹೀಗೇ ಅನ್ನುವವರಿಗೆ ನಾನು 'ಆಂಡೋರ್' ತೋರಿಸುತ್ತೇನೆ. ಸ್ಟಾರ್ ವಾರ್ಸ್ ಕಥೆ, ಆದರೂ ಲೈಟ್‌ಸೇಬರ್ ಅನ್ನುವ ಬೆಳಕಿನ ಕತ್ತಿ ಇಲ್ಲ. ಮೊದಲ ಸೀಸನ್ನಿನ ಹನ್ನೆರಡನೇ ಎಪಿಸೋಡ್ ಒಂದು ಶವಯಾತ್ರೆ. ಫೆರಿಕ್ಸ್ ಅನ್ನುವ ಗ್ರಹದಲ್ಲಿ ಸತ್ತವರ ಬೂದಿ ಸೇರಿಸಿ ಇಟ್ಟಿಗೆ ಮಾಡುತ್ತಾರೆ. ನಾಯಕನ ಸಾಕುತಾಯಿ ಮಾರ್ವಾಳ ಇಟ್ಟಿಗೆಯನ್ನು ಹೊತ್ತು, ಬ್ಯಾಂಡು ಬಾರಿಸುತ್ತಾ ಜನ ಬರುತ್ತಾರೆ. ಸಾಯುವ ಮುಂಚೆ ಅವಳು ರೆಕಾರ್ಡ್ ಮಾಡಿಟ್ಟ ಮಾತು ಬೀದಿಯಲ್ಲಿ ಮೊಳಗುತ್ತದೆ. ನಾವು ನಿದ್ದೆ ಮಾಡುತ್ತಿದ್ದೆವು, ಈಗ ಎದ್ದು ಸಾಮ್ರಾಜ್ಯದ ವಿರುದ್ಧ ಹೋರಾಡಿ ಅನ್ನುತ್ತಾಳೆ. ಗಲಾಟೆ ಶುರುವಾದಾಗ ಅವಳ ಗೆಳೆಯ ಬ್ರಾಸೋ ಅದೇ ಇಟ್ಟಿಗೆಯಿಂದ ಸೈನಿಕನಿಗೆ ಬಾರಿಸುತ್ತಾನೆ. ಇಲ್ಲೂ ಹೊಡೆದಾಟವೇ, ಅಲ್ವಾ? ಆದರೆ ಆ ಜನರ ಸಿಟ್ಟು ಹೇಗೆ ಬೆಳೆಯಿತು ಅಂತ ಹಿಂದಿನ ಎಪಿಸೋಡ್‌ಗಳಲ್ಲಿ ನಾವು ಕಂಡಿರುತ್ತೇವೆ.

ಇನ್ನೂ ನೋಡಿಲ್ಲದವರು ದಯವಿಟ್ಟು ನೋಡಿ. ಮೊದಲ ಎರಡು ಎಪಿಸೋಡ್ ನಿಧಾನ ಅಂತ ಬಿಟ್ಟುಬಿಡಬೇಡಿ. ಎರಡನೇ ಸೀಸನ್ನೂ 2025ರಲ್ಲಿ ಬಂದಿದೆ.