ಐವತ್ತು ತುಂಬಿದ ದಿನ ಶಾರದೆಯ ಮುಂದೆ

ಹೋದ ತಿಂಗಳು ನನಗೆ 50 ತುಂಬಿತು. ಮಕ್ಕಳು ಕೇಕ್ ತರುತ್ತೇವೆ ಅಂದರು. ಸಂಜೆಗೆ ತನ್ನಿ, ಬೆಳಿಗ್ಗೆ ನಾನು ಶೃಂಗೇರಿಗೆ ಹೋಗಿಬರುತ್ತೇನೆ ಅಂದೆ. ಶಿವಮೊಗ್ಗದಲ್ಲಿ ಬೆಳಗಿನ ಬಸ್ಸು ಹತ್ತಿದೆ. ತೀರ್ಥಹಳ್ಳಿಯವರೆಗೂ ಮರಗಳ ಸಂದಿಯಲ್ಲಿ ಆಗಾಗ ತುಂಗೆ ಕಾಣುತ್ತಾಳೆ. ನಮ್ಮ ಮನೆಯ ನಲ್ಲಿಯಲ್ಲಿ ಬರುವುದು ಇದೇ ನೀರು. ಶೃಂಗೇರಿಯನ್ನು ದಾಟಿಕೊಂಡೇ ಅವಳು ನಮ್ಮೂರಿಗೆ ಬರುತ್ತಾಳೆ. ಅವತ್ತು ನಾನು ಅವಳಿಗೆ ಎದುರಾಗಿ ಮೇಲಕ್ಕೆ ಹೋಗುತ್ತಿದ್ದೆ.

ದೇವಸ್ಥಾನದಲ್ಲಿ ಅಕ್ಷರಾಭ್ಯಾಸ ನಡೆದಿತ್ತು. ಅಪ್ಪ ಅಮ್ಮಂದಿರು ಸಾಲಾಗಿ ಕೂತಿದ್ದರು, ತೊಡೆಯ ಮೇಲೆ ಮಕ್ಕಳು, ಮುಂದೆ ತಟ್ಟೆಯಲ್ಲಿ ಅಕ್ಕಿ. ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ಅಕ್ಷರ ತೀಡಿಸುತ್ತಾರೆ. ಒಂದು ಹುಡುಗಿ ಮಾತ್ರ ಕೈ ಬಿಡಿಸಿಕೊಂಡು, ತಾನೇ ಏನೋ ಒಂದು ಗೆರೆ ಎಳೆದು, ಅಮ್ಮನ ಮುಖ ನೋಡಿ ನಕ್ಕಿತು. ನನಗೆ ನನ್ನಮ್ಮ ನೆನಪಾದಳು.

ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. 1990ರ ದಶಕದ ಶುರುವಿನಲ್ಲಿ ಸಾಕ್ಷರತಾ ಆಂದೋಲನ ಬಂತಲ್ಲ, ಆಗ ನಮ್ಮೂರಿನಲ್ಲೂ ರಾತ್ರಿ ಶಾಲೆ ನಡೆಯುತ್ತಿತ್ತು. ಕೊಟ್ಟಿಗೆ ಕೆಲಸ, ಅಡುಗೆ ಮುಗಿಸಿ ಅಮ್ಮ ಸ್ಲೇಟು ಬಳಪ ಹಿಡಿದು ಹೊರಡುತ್ತಿದ್ದಳು. ಆಗ ಅವಳಿಗೆ ಹೆಚ್ಚುಕಡಿಮೆ ನನ್ನ ಈಗಿನ ವಯಸ್ಸು. ಅಕ್ಷರ ಕೈಗೆ ಹತ್ತಿದ ಮೇಲೆ ಕಂಡದ್ದನ್ನೆಲ್ಲ ಓದಲು ಶುರು ಮಾಡಿದಳು. ಬೆಂಕಿಪೊಟ್ಟಣ, ಗೊಬ್ಬರದ ಚೀಲ, ಗೋಡೆ ಮೇಲಿನ ಚುನಾವಣೆ ಬರಹ. ಒಮ್ಮೆ ಬಸ್ಸಿನಲ್ಲಿ ಅಂಗಡಿ ಬೋರ್ಡುಗಳನ್ನು ಗಟ್ಟಿಯಾಗಿ, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ನಾನಾಗ ಎಸ್ಸೆಸ್ಸೆಲ್ಸಿ. ಸುತ್ತಲಿದ್ದವರು ತಿರುಗಿ ನೋಡಿದರು. "ಅಮ್ಮಾ, ಮನಸಲ್ಲೇ ಓದ್ಕೋ" ಅಂದೆ. ಅವಳು ಸುಮ್ಮನಾದಳು. ಊರು ಬರುವವರೆಗೂ ಮಾತಾಡಲಿಲ್ಲ. ನನ್ನಿಂದ ಆದ ದೊಡ್ಡ ತಪ್ಪುಗಳಲ್ಲಿ ಅದೂ ಒಂದು. ಅವಳಿಗೆ ಮನಸ್ಸಿನಲ್ಲಿ ಓದುವುದು ಇನ್ನೂ ಬರುತ್ತಿರಲಿಲ್ಲ ಅನ್ನುವುದು ನನಗೆ ಎಷ್ಟೋ ವರ್ಷಗಳ ಮೇಲೆ ಹೊಳೆಯಿತು.

"ಈ ವಯಸ್ಸಲ್ಲಿ ಯಾಕಮ್ಮ ಇದೆಲ್ಲ?" ಅಂತಲೂ ಕೇಳಿದ್ದೆ. "ಗೊತ್ತಾಗ್ಲಿ ಅಂತ. ಮತ್ಯಾಕೆ?" ಅಂದಿದ್ದಳು.

ನಾನು ಕಲಿತದ್ದೆಲ್ಲ ಯಾವುದಾದರೂ ಒಂದಕ್ಕಾಗಿ. ಪರೀಕ್ಷೆಗೆ, ಕೆಲಸಕ್ಕೆ, ಆಮೇಲೆ ಮಕ್ಕಳ ಹೋಂವರ್ಕಿಗೆ. ಮಕ್ಕಳು ದೊಡ್ಡವರಾದರು. ಇನ್ನು ಯಾವುದಕ್ಕೆ ಅನ್ನುವ ಪ್ರಶ್ನೆ ಒಂದೆರಡು ವರ್ಷ ಜೋರಾಗಿಯೇ ಕಾಡಿತು. ಹಾಗಿದ್ದಾಗ ಗಮಕದ ತರಗತಿಗೆ ಸೇರಿದೆ. ನಮ್ಮ ಕಡೆ ಗಮಕ ಕೇಳಿಯೇ ಬೆಳೆದಿದ್ದೇವೆ. ಒಬ್ಬರು ಕಾವ್ಯವನ್ನು ರಾಗದಲ್ಲಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಕೇಳುವುದು ಬೇರೆ, ಓದುವುದು ಬೇರೆ. ಭಾಮಿನಿ ಷಟ್ಪದಿಯ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಯ ನಡೆ ಹಿಡಿದರೆ ಅರ್ಥ ತಪ್ಪುತ್ತದೆ, ಅರ್ಥ ಹಿಡಿದರೆ ನಡೆ ತಪ್ಪುತ್ತದೆ. ಕಲಿಸುವವರು ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವರು. "ಉಸಿರು ಮುಗಿದಲ್ಲಿ ನಿಲ್ಲಬೇಡಿ, ಮಾತು ಮುಗಿದಲ್ಲಿ ನಿಲ್ಲಿ" ಅನ್ನುತ್ತಾರೆ. ಪದ ಬಿಡಿಸಲು ಗೊತ್ತಿಲ್ಲದವಳಿಗೆ ಮಾತು ಮುಗಿಯುವುದು ಎಲ್ಲಿ ಅಂತ ಹೇಗೆ ಗೊತ್ತಾಗಬೇಕು? ಮನೆಯಲ್ಲಿ ಒಂದು ಪದ್ಯವನ್ನು ಹದಿನೈದು ಇಪ್ಪತ್ತು ಸಲ ಗಟ್ಟಿಯಾಗಿ ಓದುತ್ತೇನೆ. ಮನಸ್ಸಿನಲ್ಲಿ ಓದಿದರೆ ಅದು ಬಿಚ್ಚಿಕೊಳ್ಳುವುದೇ ಇಲ್ಲ.

ಗರ್ಭಗುಡಿಯ ಮುಂದೆ ನಿಂತಾಗ ಮಂಗಳಾರತಿ ಆಗುತ್ತಿತ್ತು. ಕೈಯಲ್ಲಿ ಪುಸ್ತಕ, ಜಪಮಾಲೆ ಹಿಡಿದು ಕೂತ ತಾಯಿ. ಮೊದಲೆಲ್ಲ ಬಂದಾಗ ಕೇಳಿದ್ದು ಅಂಕ, ಸೀಟು, ಕೆಲಸ, ಮಗನಿಗೊಂದು ಒಳ್ಳೆ ರ‍್ಯಾಂಕು. ಅವಳು ಕೊಟ್ಟಿದ್ದಾಳೆ, ಇಲ್ಲ ಅನ್ನಲಾರೆ. ಈ ಸಲ ಕೇಳಿದ್ದು ಒಂದೇ. ತಾಯೇ, ಗೊತ್ತಿಲ್ಲ ಅಂತ ಹೇಳುವ ಬಾಯಿ ಕೊಡು, ತಪ್ಪು ಓದಿದಾಗ ತಿದ್ದುವವರನ್ನು ಹತ್ತಿರ ಇಡು. ಅಕ್ಷರಾಭ್ಯಾಸಕ್ಕೆ ವಯಸ್ಸಿನ ಲೆಕ್ಕ ಅವಳಿಗೆ ಇದ್ದಂತೆ ನನಗೆ ಅನ್ನಿಸಲಿಲ್ಲ. ಅಮ್ಮನ ಸ್ಲೇಟಿನ ಮೇಲೆ ಕೈ ಹಿಡಿದು ತೀಡಿಸಿದವಳೂ ಇವಳೇ ಅಲ್ವಾ?

ಹೊರಗೆ ಬಂದು ವಿದ್ಯಾಶಂಕರ ದೇವಸ್ಥಾನಕ್ಕೆ ಹೋದೆ. ಒಳಗೆ 12 ಕಂಬಗಳು, ಒಂದೊಂದರ ಮೇಲೂ ಒಂದೊಂದು ರಾಶಿ. ಆಯಾ ತಿಂಗಳ ಬಿಸಿಲು ಆಯಾ ರಾಶಿಯ ಕಂಬಕ್ಕೆ ಬೀಳುವಂತೆ ಕಟ್ಟಿದ್ದಾರೆ ಅನ್ನುತ್ತಾರೆ. ಹುಟ್ಟಿದ ದಿನ ಅಂತ ನನ್ನ ರಾಶಿಯ ಕಂಬ ಹುಡುಕಿ, ಮುಟ್ಟಿ, ಕಣ್ಣಿಗೆ ಒತ್ತಿಕೊಂಡೆ. ಸೂರ್ಯ ಇಲ್ಲಿಗೆ 50 ಸುತ್ತು ಬಂದುಹೋದ. ಆಮೇಲೆ ಹೊಳೆಯ ಮೆಟ್ಟಿಲಿಗಿಳಿದು ಮೀನುಗಳಿಗೆ ಮಂಡಕ್ಕಿ ಹಾಕಿದೆ. ಇಲ್ಲಿ ಅವುಗಳನ್ನು ಯಾರೂ ಹಿಡಿಯುವುದಿಲ್ಲ, ಅದಕ್ಕೇ ಅಷ್ಟು ದೊಡ್ಡವು, ಅಷ್ಟು ಹತ್ತಿರ ಬರುತ್ತವೆ. ಪ್ರಸಾದದ ಊಟ ಮಾಡಿ ಬಸ್ಸಿಗೆ ಬಂದೆ.

ಕಿಟಕಿ ಪಕ್ಕ ಸೀಟು ಸಿಕ್ಕಿತು. ಮಡಿಲಲ್ಲಿ ಗಮಕದ ಪುಸ್ತಕ ತೆರೆದೆ. ಮುಂದಿನ ವಾರದ ಪದ್ಯ ಅದು. ಮೊದಲ ಸಾಲೇ ಬಿಡಿಸಲು ಬರಲಿಲ್ಲ. ಸ್ವಲ್ಪ ಹೊತ್ತು ತುಟಿಯಲ್ಲೇ ಓದಿದೆ. ಕೊಪ್ಪ ದಾಟಿದ ಮೇಲೆ ಗಟ್ಟಿಯಾಗಿ ಓದಿದೆ. ಪಕ್ಕದಲ್ಲಿದ್ದ ಹೆಂಗಸು ತಿರುಗಿ ನೋಡಿದಳು. "ಇನ್ನೊಂದ್ಸಲ ಓದಿ ಅಕ್ಕಾ" ಅಂದಳು.