ಮೀಟರ್ ಸುಳ್ಳು ಹೇಳಲಿಲ್ಲ, ಅದೇ ತೊಂದರೆ

ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಸೇಫ್ಟಿ ನೋಡಿಕೊಳ್ಳೋದು ನನ್ನ ಕೆಲಸ. ನಮ್ಮಲ್ಲಿರೋದು ಒಂದೇ ಸೌಂಡ್ ಮೀಟರ್. ಇನ್ನೊಂದು ಕೊಡಿಸಿ ಅಂದಾಗೆಲ್ಲ ಮ್ಯಾನೇಜ್‌ಮೆಂಟಿಗೆ ಬಜೆಟ್ ನೆನಪಾಗುತ್ತೆ. ಆ ಒಂದನ್ನೇ ಗಣಪತಿ ವಿಸರ್ಜನೆ ರಾತ್ರಿ ಮನೆಗೆ ಒಯ್ದಿದ್ದೆ. ಡಿಜೆ ಎಷ್ಟು ಡೆಸಿಬಲ್ ಅಂತ ಓಣಿ ಹುಡುಗರಿಗೆ ತೋರಿಸೋ ಹುಕಿ.

ಮೂರು ದಿನ ಬಿಟ್ಟು ಆಡಿಟ್. ಅದರ ಹಿಂದಿನ ದಿನ ಬೆಳಿಗ್ಗೆ ಡಿಜಿ ಸೆಟ್, ಅಂದರೆ ಡೀಸೆಲ್ ಜನರೇಟರ್, ಅದರ ಸದ್ದಿನ ರೀಡಿಂಗ್ ತಗೊಂಡೆ. ಅದನ್ನು ಮುಚ್ಚಿರೋ ಪೆಟ್ಟಿಗೆ, ಅಂದರೆ ಕ್ಯಾನೋಪಿಯಿಂದ 1 ಮೀಟರ್ ದೂರದಲ್ಲಿ 75 ಡೆಸಿಬಲ್ ದಾಟಬಾರದು. ಪ್ರತಿ ಸಲ 73, 74 ಬರುತ್ತಿತ್ತು. ಅವತ್ತು 87.

ಡಿಜಿ ನೋಡಿಕೊಳ್ಳೋ ಕಾಕಾ ಪಕ್ಕದಲ್ಲೇ ಇದ್ದರು. "ಆವಾಜೇನ ಬದಲಾಗಿಲ್ರಿ ಸರ, ನಿನ್ನೆ ಇದ್ದಂಗ ಐತಿ."

"ಕಿವಿ ನಂಬಿ ಆಡಿಟ್ ಆಗೂದಿಲ್ಲ ಕಾಕಾ" ಅಂದೆ. ಈಗಲೂ ಚುಚ್ಚೋದು ಆ ಮಾತೇ.

ಮೀಟರ್ ಮೇಲೆ ಅನುಮಾನ ಬರಲಿಲ್ಲ ಅಂತಲ್ಲ. ಬಂತು. ಮೀಟರ್ ಸರಿ ಇದೆಯಾ ಅಂತ ನೋಡಲು ಗೊತ್ತಿರೋ ಅಳತೆಯ ಸದ್ದು ಊದೋ ಕ್ಯಾಲಿಬ್ರೇಟರನ್ನು ಅದರ ಮೈಕಿಗೆ ಹಾಕಿದೆ. ಬರಬೇಕಾದ್ದು 94.0, ಬಂದದ್ದೂ 94.0. ಪಾಯಿಂಟ್ ಸಹ ಅಲುಗಲಿಲ್ಲ. ಅಲ್ಲಿಗೆ ಅನುಮಾನ ಹೋಗಿ ಜಂಬ ಬಂತು. ಸರ್ವೀಸಿನವರಿಗೆ ಫೋನ್, ಮ್ಯಾನೇಜರ್‌ಗೆ ಫೋನ್. "ನಾಳೆ ಆಡಿಟರ್ ಮುಂದ ಏನ್ ಹೇಳ್ತಿ?" ಅಂತ ಅವರು ಕೂಗಿದ್ದಕ್ಕೆ ಮೀಟರ್ ಹಚ್ಚಿದ್ದರೆ ಅದೂ 87 ತೋರಿಸುತ್ತಿತ್ತೇನೋ.

ಮೆಕ್ಯಾನಿಕ್ ಬಂದ. ಬಾಗಿಲ ಗ್ಯಾಸ್ಕೆಟ್ ಅಷ್ಟೂ ಬದಲಾಯಿಸಿದ. 87. ಸೈಲೆನ್ಸರ್ ಬೋಲ್ಟ್ ಬಿಗಿ ಮಾಡಿದ. 86.8. ತನ್ನ ಮೊಬೈಲ್ ಆ್ಯಪ್ ತೆಗೆದು "75 ಐತಲ್ರಿ" ಅಂದಾಗ ನಾನು ನಕ್ಕುಬಿಟ್ಟೆ.

ಸಂಜೆ ಐದೂವರೆಗೆ ಫಾರ್ಮ್ ತುಂಬಲು ಕೂತೆ. ಅದರ ಕಾಲಂ ಮೇಲೆ ವರ್ಷಗಳಿಂದ ಒಂದೇ ಶೀರ್ಷಿಕೆ: ಡಿಬಿ(ಎ). ಪೆನ್ನು ಆ 'ಎ' ಕೆಳಗೆ ನಿಂತಿತು. ಮೀಟರಿನ ಮೂಲೆಯಲ್ಲಿ ಎಳ್ಳುಕಾಳಿನಷ್ಟು ಸಣ್ಣಗೆ 'ಸಿ' ಇತ್ತು. ಡಿಜೆ ಬೇಸ್ ಪೂರ್ತಿ ಕಾಣಲಿ ಅಂತ ವಿಸರ್ಜನೆ ರಾತ್ರಿ ನಾನೇ ಹಾಕಿದ್ದೆ. ಆಫ್ ಮಾಡಿದರೂ ಈ ಮೀಟರ್ ಹಿಂದಿನ ಸೆಟಿಂಗ್ ಮರೆಯೋದಿಲ್ಲ.

'ಎ', 'ಸಿ' ಅಂದರೆ ಮೀಟರ್ ಸದ್ದು ಎಣಿಸೋ ಎರಡು ರೀತಿ. 'ಎ' ನಮ್ಮ ಕಿವಿಯ ಹಾಗೆ ತಗ್ಗು ಸ್ವರಗಳನ್ನು ಕಡಿಮೆ ಎಣಿಸುತ್ತೆ. 63 ಹರ್ಟ್ಸ್‌ನಲ್ಲಿ ಸುಮಾರು 26 ಡೆಸಿಬಲ್ ಕತ್ತರಿಸುತ್ತೆ. 'ಸಿ' ಅಲ್ಲಿ ಒಂದು ಡೆಸಿಬಲ್ ಸಹ ಕತ್ತರಿಸೋದಿಲ್ಲ. ನಮ್ಮದು ಆರು ಸಿಲಿಂಡರ್, 1500 ಆರ್‌ಪಿಎಂ ಎಂಜಿನ್. ಸೆಕೆಂಡಿಗೆ 75 ಸಲ ಫೈರಿಂಗ್, ಅಂದರೆ ಪೂರಾ ಗುಡುಗೋ ಸ್ವರ. ಕ್ಯಾಲಿಬ್ರೇಟರ್ ಊದೋದು 1000 ಹರ್ಟ್ಸ್. ಅಲ್ಲಿ ಎ, ಸಿ ಎರಡೂ ಒಂದೇ ಅಂಕಿ ತೋರಿಸುತ್ತವೆ. ನನ್ನ ತಪ್ಪು 94.0ಗೆ ಕಾಣೋದು ಸಾಧ್ಯವೇ ಇರಲಿಲ್ಲ. ಇದನ್ನೆಲ್ಲ ಟ್ರೇನಿಂಗಿನಲ್ಲಿ ನಾನೇ ಬೇರೆಯವರಿಗೆ ಹೇಳಿಕೊಟ್ಟಿದ್ದೆ!

ಇನ್ನೊಂದು ಲೆಕ್ಕ ರಾತ್ರಿ ಮಲಗಿದಾಗ ಹೊಳೆಯಿತು. 13 ಡೆಸಿಬಲ್ ಹೆಚ್ಚು ಅಂದರೆ 20 ಪಟ್ಟು ಶಕ್ತಿ, ಅಂಥವೇ 20 ಜನರೇಟರ್ ಒಟ್ಟಿಗೆ ಹಚ್ಚಿದಂತೆ. ಅಷ್ಟಾಗಿದ್ದರೆ ಕಾಕಾಗೆ ಗೊತ್ತಾಗುತ್ತಿರಲಿಲ್ಲವೇ?

ಅವತ್ತು ಸಂಜೆಯೇ ಸೆಟಿಂಗ್ 'ಎ'ಗೆ ಬದಲಿಸಿ ಮತ್ತೆ ರೀಡಿಂಗ್ ತಗೊಂಡಾಗ 74 ಬಂತು. ಮ್ಯಾನೇಜರ್‌ಗೆ ಫೋನ್ ಮಾಡಿ, "ಗ್ಯಾಸ್ಕೆಟ್ ಹಾಕಿಸಿದ್ವಿ ಸರ್, ಈಗ ಓಕೆ" ಅಂದೆ. ಸುಳ್ಳೇನಲ್ಲ, ಗ್ಯಾಸ್ಕೆಟ್ ಹಾಕಿಸಿದ್ದು ನಿಜ.

ಕಾಕಾ ಡಿಜಿ ಬಂದ್ ಮಾಡಿ ಕೈ ಒರೆಸಿಕೊಳ್ಳುತ್ತ ಅಂದರು: "ಗ್ಯಾಸ್ಕೆಟ್ ಬಾಳ ಚಲೋ ಅದಾವ ಬಿಡ್ರಿ ಸರ. ಹಾಕಿ ಮೂರ ತಾಸ ಆದಮ್ಯಾಲೆ ಕೆಲಸ ಚಾಲೂ ಮಾಡಿದ್ವು."