ರೈಲು ಬಾರದ ಸ್ಟೇಷನ್ನಿನಲ್ಲಿ ಸೆನೆಟ್

ಅಕ್ಟೋಬರ್ 4, 2024, ಶುಕ್ರವಾರ
ಒಟ್ಟಾವ

ಅಪ್ಪ ಬಂದು ಮೂರು ವಾರ ಆಯ್ತು. ಮನೆಯಲ್ಲೇ ಕೂತು ಅವರಿಗೂ ಬೇಜಾರು. ಇವತ್ತು ರಜೆ ಹಾಕಿ ಕೆನಡಾದ ಸೆನೆಟ್, ಅಂದರೆ ಇಲ್ಲಿನ ಪಾರ್ಲಿಮೆಂಟಿನ ಮೇಲ್ಮನೆ, ತೋರಿಸಿಕೊಂಡು ಬಂದೆ. ಒಳಗೆ ಹೋಗೋಕೆ ದುಡ್ಡು ಕೊಡಬೇಕಿಲ್ಲ ಅಂದಾಗ ಅವರ ಮುಖ ಅರಳಿತು.

ಅಪ್ಪ ಅರಸೀಕೆರೆಯವರು. ಕಾಲಿಟ್ಟವರೇ ಎತ್ತರದ ಚಾವಣಿ ನೋಡಿ, "ಇದು ರೈಲ್ವೆ ಸ್ಟೇಷನ್ ಅಲ್ವೇನೇ?" ಎಂದರು. ಹೌದು, 1912ರ ಯೂನಿಯನ್ ಸ್ಟೇಷನ್. 1966ರಲ್ಲಿ ರೈಲು ಬರುವುದು ನಿಂತಿತು. ಪಾರ್ಲಿಮೆಂಟಿನ ಮುಖ್ಯ ಕಟ್ಟಡ ರಿಪೇರಿಯಲ್ಲಿದೆ, ಹಾಗಾಗಿ 2019ರಿಂದ ಮೇಲ್ಮನೆ ಇಲ್ಲಿ ಸೇರುತ್ತದೆ. "ವೇಟಿಂಗ್ ರೂಮಲ್ಲಿ ಕೂತಿದಾರೆ ಅನ್ನು" ಎಂದು ನಕ್ಕರು.

ಒಟ್ಟು 105 ಸ್ಥಾನ. ಚುನಾವಣೆ ಇಲ್ಲ. ಪ್ರಧಾನಿ ಹೆಸರು ಕೊಡುತ್ತಾರೆ, ರಾಜನ ಪ್ರತಿನಿಧಿಯಾದ ಗವರ್ನರ್ ಜನರಲ್ ನೇಮಕ ಮಾಡುತ್ತಾರೆ. ಆಮೇಲೆ 75 ತುಂಬುವವರೆಗೆ ಕುರ್ಚಿ ಅವರದೇ. ಅಪ್ಪ ಕೇಳಿದ್ದು ಒಂದೇ: "ಪಕ್ಷಕ್ಕೆ ದುಡಿದವರಿಗೆ ಸಿಗೋ ಪ್ರಸಾದ ತಾನೇ?"

ಬಹುಕಾಲ ಹಾಗೇ ಇತ್ತು. ಪಕ್ಷಕ್ಕೆ ಹಣ ಸೇರಿಸಿಕೊಟ್ಟವರು, ಸೋತವರು, ಸುಸ್ತಾದವರು ಇಲ್ಲಿಗೆ ಬರುತ್ತಿದ್ದರು. ಕೆಲವು ಸೆನೆಟರ್‌ಗಳ ಭತ್ಯೆಯ ಲೆಕ್ಕ ಹಗರಣವಾದ ಮೇಲೆ ಜನ ಈ ಮನೆಯೇ ಬೇಡ ಎನ್ನತೊಡಗಿದರು. 2014ರ ಜನವರಿಯಲ್ಲಿ, ಆಗಿನ್ನೂ ಕೆಳಮನೆಯಲ್ಲಿ ಮೂರನೇ ಸ್ಥಾನದಲ್ಲಿದ್ದ ಪಕ್ಷದ ನಾಯಕರಾಗಿದ್ದ ಜಸ್ಟಿನ್ ಟ್ರುಡೊ, ತಮ್ಮ ಲಿಬರಲ್ ಪಕ್ಷದ 32 ಸೆನೆಟರ್‌ಗಳನ್ನು ಒಂದೇ ಏಟಿಗೆ ಸಂಸದೀಯ ಗುಂಪಿನಿಂದ ಹೊರಗೆ ಹಾಕಿದರು. ತಮಾಷೆ ಅಂದರೆ, ಹೊರಬಿದ್ದವರು ತಮ್ಮನ್ನು "ಸೆನೆಟ್ ಲಿಬರಲ್" ಎಂದೇ ಕರೆದುಕೊಂಡರು. "ಮನೆಯಿಂದ ಹಾಕಿದ್ರೂ ಮನೆತನದ ಹೆಸರು ಬಿಡ್ಲಿಲ್ಲ" ಎಂದರು ಅಪ್ಪ.

ಅದೇ ವರ್ಷ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಬೇರೆ ದಾರಿಗಳಿಗೆಲ್ಲ ಬೀಗ ಹಾಕಿತು. ಸೆನೆಟ್‌ಗೆ ಚುನಾವಣೆ ತರಬೇಕಾದರೆ ದೇಶದ ಅರ್ಧ ಜನಸಂಖ್ಯೆ ಇರುವ ಏಳು ಪ್ರಾಂತ್ಯಗಳ ಒಪ್ಪಿಗೆ ಬೇಕು. ರದ್ದು ಮಾಡಬೇಕಾದರೆ ಹತ್ತೂ ಪ್ರಾಂತ್ಯಗಳು ಒಪ್ಪಬೇಕು. ಆಗದ ಮಾತು.

ಪ್ರಧಾನಿಯಾದ ಮೇಲೆ ಟ್ರುಡೊ ಸಂವಿಧಾನ ಮುಟ್ಟಲಿಲ್ಲ. ಹೆಸರು ಸೂಚಿಸಲು ಒಂದು ಸಲಹಾ ಮಂಡಳಿ ಮಾಡಿದರು. 2016ರಿಂದ ಯಾರು ಬೇಕಾದರೂ ಅರ್ಜಿ ಹಾಕಬಹುದು. ಷರತ್ತುಗಳು ಮಾತ್ರ 1867ರವೇ: 30 ವರ್ಷ ಆಗಿರಬೇಕು, ತಾನು ಪ್ರತಿನಿಧಿಸುವ ಪ್ರಾಂತ್ಯದಲ್ಲಿ 4000 ಡಾಲರಿನ ಆಸ್ತಿ ಇರಬೇಕು. 1997ರಲ್ಲಿ ಆಸ್ತಿಯೇ ಬೇಡ ಎಂದು ವ್ರತ ತೊಟ್ಟ ಕ್ರೈಸ್ತ ಸನ್ಯಾಸಿನಿ ಪೆಗ್ಗಿ ಬಟ್ಸ್ ಅವರನ್ನು ನೇಮಿಸಿದಾಗ, ಅವರ ಮಠ ಒಂದು ತುಂಡು ಜಮೀನನ್ನು ಅವರ ಹೆಸರಿಗೆ ಮಾಡಿಕೊಡಬೇಕಾಯಿತು! ಅಪ್ಪನಿಗೆ ಇಡೀ ದಿನದಲ್ಲಿ ತುಂಬಾ ಹಿಡಿಸಿದ್ದು ಇದೇ ಕಥೆ.

ಈಗ ಬಹುಪಾಲು ಸೆನೆಟರ್‌ಗಳಿಗೆ ಪಕ್ಷವಿಲ್ಲ. ಗುಂಪುಗಳಿವೆ, ಆದರೆ ಕನ್ಸರ್ವೇಟಿವ್‌ಗಳನ್ನು ಬಿಟ್ಟರೆ ಯಾವ ಗುಂಪೂ ಪಕ್ಷಕ್ಕೆ ಸೇರಿದ್ದಲ್ಲ. ಸರ್ಕಾರದ ಪ್ರತಿನಿಧಿ ಒಬ್ಬೊಬ್ಬರ ಬಾಗಿಲು ತಟ್ಟಿ ಮತ ಕೇಳಬೇಕು. 2016ರಲ್ಲಿ ದಯಾಮರಣದ ಮಸೂದೆ ಬಂದಾಗ, ಸಾವು ಹತ್ತಿರ ಇರಲೇಬೇಕೆಂಬ ಷರತ್ತನ್ನು ಸೆನೆಟ್ ತೆಗೆದುಹಾಕಿತು. ಕೆಳಮನೆ ಒಪ್ಪಲಿಲ್ಲ. ಕೊನೆಗೆ 44–28 ಮತಗಳಿಂದ ಸೆನೆಟ್ಟೇ ತಗ್ಗಿತು. ತಗ್ಗಿದ್ದು ಸರಿ ಅನ್ನಿಸುತ್ತದೆ ನನಗೆ. ಜನ ಆರಿಸಿದ ಮನೆಗೆ ಆರಿಸದ ಮನೆ ಎಷ್ಟು ದಿನ ಅಡ್ಡ ನಿಲ್ಲಬಹುದು?

ಆದರೆ ಮಂಡಳಿಯ ಮಾತಿಗೆ ಪ್ರಧಾನಿ ಕಟ್ಟುಬಿದ್ದಿಲ್ಲ. ನಾಳೆ ಬರುವವರು ಹಳೇ ದಾರಿಗೇ ಹೋಗಬಹುದು, ತಡೆಯುವ ಕಾನೂನಿಲ್ಲ. 2023ರಲ್ಲಿ ಲಿಬರಲ್ ಪಕ್ಷದ ಮಾಜಿ ಸಂಸದರೊಬ್ಬರೂ ನೇಮಕವಾದರು. ಮಂಡಳಿಯ ಜರಡಿಯ ತೂತು ಸ್ವಲ್ಪ ದೊಡ್ಡದಾಗುತ್ತಿದೆ ಅಂತ ನನ್ನ ಗುಮಾನಿ.

ಹೊರಗೆ ಬಂದು ಕಾಫಿ ಕುಡಿಯುವಾಗ ಅಪ್ಪ ನಮ್ಮ ವಿಧಾನ ಪರಿಷತ್ತಿಗೆ ಬಂದರು. 75 ಜನರಲ್ಲಿ 11 ಮಂದಿ ನಾಮಕರಣದವರು. ಸಾಹಿತ್ಯ, ಕಲೆ, ವಿಜ್ಞಾನ, ಸಹಕಾರ, ಸಮಾಜಸೇವೆ ಎಂದು ಸಂವಿಧಾನ ಹೇಳುತ್ತದೆ. "ಪಟ್ಟಿ ಬರೋದು ಎಲ್ಲಿಂದ ಅಂತ ಗೊತ್ತಲ್ಲ" ಎಂದರು. ಶಿಕ್ಷಕರಿಗೂ ಏಳು ಕ್ಷೇತ್ರ ಇವೆ. ಅಪ್ಪ ಹೈಸ್ಕೂಲು ಮೇಷ್ಟ್ರಾಗಿದ್ದಾಗ ಅಲ್ಲಿನ ಮತದಾರರು. ಕರಪತ್ರದಲ್ಲಿ ಮೇಷ್ಟ್ರುಗಳ ಸಂಬಳದ ಮಾತು ಎರಡು ಸಾಲು, ಉಳಿದದ್ದೆಲ್ಲ ಪಕ್ಷದ ನಾಯಕರ ಫೋಟೋ.

"ಇಲ್ಲಿ ಹಾಗಿಲ್ಲ ಅಪ್ಪ. ಒಮ್ಮೆ ಕೂತ ಮೇಲೆ ಟಿಕೆಟ್ ಬೇಡ, ಬಹುಪಾಲು ಮಂದಿಗೆ ಪಕ್ಷದ ವಿಪ್ಪೂ ಇಲ್ಲ. ಯಾರಿಗೆ ಹೆದರಬೇಕು?" ಎಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನ್ನ ವರ್ಗಾವಣೆಗೆ ಒಬ್ಬರು ಕಾಗದ ಕೊಟ್ಟಿದ್ರು. ನೀನು ಆಗ ಎರಡನೇ ಕ್ಲಾಸು. ಆಮೇಲೆ ಒಂದು ದಿನಾನೂ ಏನೂ ಕೇಳ್ಲಿಲ್ಲ ಅವರು. ಆದ್ರೂ ರಿಟೈರ್ ಆಗೋವರೆಗೂ ಅವರನ್ನ ಕಂಡ್ರೆ ಎದ್ದು ನಿಲ್ತಿದ್ದೆ."

"ಮತ್ತೆ ವೋಟು?"

"ವೋಟು ಬೇರೆಯವರಿಗೆ ಹಾಕ್ತಿದ್ದೆ. ಅದು ಗುಟ್ಟಿನದಲ್ವಾ! ಇವರದ್ದು?"

ಸೆನೆಟ್‌ನಲ್ಲಿ ಮತ ಎಣಿಸುವಾಗ ಒಬ್ಬೊಬ್ಬರೇ ಎದ್ದು ನಿಲ್ಲುತ್ತಾರೆ, ಹೆಸರು ಕೂಗುತ್ತಾರೆ, ದಾಖಲೆಯಲ್ಲಿ ಬರೆದುಕೊಳ್ಳುತ್ತಾರೆ ಎಂದೆ. ಅಪ್ಪ ಕಪ್ಪಿನ ತಳದ ಕಾಫಿಯನ್ನೂ ಕುಡಿದು, "ಪಾಪ" ಎಂದರು.